ಒಂದೇ ಓವನ್ ಇರುವ ಬ್ರಿಟಿಷ್ ಮನೆಯಲ್ಲಿ ಭಾನುವಾರದ ರೋಸ್ಟ್ ಊಟವೆಲ್ಲ (ಓವನ್ನಿನಲ್ಲಿ ಬೇಯಿಸಿದ ಮಾಂಸ, ಆಲೂಗಡ್ಡೆ, ಪುಡಿಂಗ್, ಗ್ರೇವಿ) ಒಟ್ಟಿಗೆ ಬಿಸಿಯಾಗಿ ಮೇಜಿಗೆ ಬರುವುದು ಹೇಗೆ?

ಗುಟ್ಟಿರುವುದು ಮಾಂಸ ಓವನ್ನಿನಿಂದ ಹೊರಬಂದ ಮೇಲಿನ ಅರ್ಧ ಗಂಟೆಯಲ್ಲಿ. ದನದ ಅಥವಾ ಕುರಿಯ ಮಾಂಸದ ದೊಡ್ಡ ತುಂಡನ್ನು ಕೂಡಲೇ ಕತ್ತರಿಸಿದರೆ ರಸವೆಲ್ಲ ಹಲಗೆಯ ಮೇಲೆ ಹರಿದುಹೋಗುತ್ತದೆ. ಅದಕ್ಕೇ ಸಡಿಲವಾಗಿ ಮುಚ್ಚಿ 20–30 ನಿಮಿಷ ಬಿಡುತ್ತಾರೆ.

ಅಷ್ಟರಲ್ಲಿ, ಮಾಂಸ ತೆಗೆದು ಜಾಗವಾದ ಓವನ್ನಿನ ಬಿಸಿಯನ್ನು ಸುಮಾರು 220 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ ಯಾರ್ಕ್‌ಶೈರ್ ಪುಡಿಂಗ್ ಬೇಯಿಸುತ್ತಾರೆ. ಮೈದಾ, ಮೊಟ್ಟೆ, ಹಾಲು ಕಲಸಿದ ಈ ತೆಳು ಹಿಟ್ಟು ಚೆನ್ನಾಗಿ ಉಬ್ಬಬೇಕಾದರೆ ಹೊಗೆಯಾಡುವಷ್ಟು ಕಾದ ಕೊಬ್ಬಿಗೆ ಸುರಿಯಬೇಕು. ನಡುವೆ ಓವನ್ ಬಾಗಿಲು ತೆರೆದರೆ ಕುಸಿಯುತ್ತದೆ. ಮಕ್ಕಳಿಗೆ ಗದರಿಕೆ ಬೀಳುವುದು ಆಗಲೇ! ಆಲೂಗಡ್ಡೆಯನ್ನು ಮೊದಲೇ ಅರೆಬೇಯಿಸಿ, ಅಂಚು ಒರಟಾಗುವಂತೆ ಪಾತ್ರೆಯಲ್ಲಿ ಕುಲುಕಿ, ಬಿಸಿ ಕೊಬ್ಬಿನಲ್ಲಿ ಹೊರಳಿಸಿ ಓವನ್ನಿನಲ್ಲಿಟ್ಟಿರುತ್ತಾರೆ. ಆ ಒರಟು ಅಂಚೇ ಗರಿಗರಿಯಾಗುವುದು. ಮಾಂಸದ ತಟ್ಟೆಯಲ್ಲಿ ಉಳಿದ ರಸಕ್ಕೆ ಚಿಟಿಕೆ ಹಿಟ್ಟು, ತರಕಾರಿ ಬೇಯಿಸಿದ ನೀರು ಸೇರಿದರೆ ಗ್ರೇವಿ. ಆ ನೀರನ್ನು ದಯವಿಟ್ಟು ಚೆಲ್ಲಬೇಡಿ, ರುಚಿಯ ಅರ್ಧ ಪಾಲು ಅದರಲ್ಲಿದೆ.

ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಹಳೆಯ ಮನೆಗಳಲ್ಲಿ ಪುಡಿಂಗನ್ನು ಗ್ರೇವಿಯೊಂದಿಗೆ ಮೊದಲೇ ಬಡಿಸುತ್ತಿದ್ದರು. ಹೊಟ್ಟೆ ಮುಕ್ಕಾಲು ತುಂಬಿದರೆ ದುಬಾರಿ ಮಾಂಸ ಎಲ್ಲರಿಗೂ ಸಾಲುತ್ತಿತ್ತು. ನನಗೆ ಈ ಊಟದಲ್ಲಿ ಅತ್ಯಂತ ಇಷ್ಟವಾಗುವುದು ಬಡತನ ಕಲಿಸಿದ ಈ ಜಾಣತನವೇ. ಸೋಮವಾರ ಬಟ್ಟೆ ಒಗೆಯುವ ದಿನವಾಗಿದ್ದರಿಂದ, ಉಳಿದ ತಣ್ಣನೆಯ ಮಾಂಸವೇ ಅಂದಿನ ಊಟವಾಗುತ್ತಿತ್ತು.