ಸಾಂಕ್ರಾಮಿಕದ ಕಾಲದಲ್ಲಿ ಕಲಾವಿದರು, ಹೋರಾಟಗಾರರು ಸೇರಿ ಮಾಡುವ ಕೆಲಸಕ್ಕೆ ಹಣ ಎಲ್ಲಿ ಸಿಗುತ್ತದೆ?

ನಿಮ್ಮದು ಒಂಬತ್ತು ಜನರ ಬೀದಿ ನಾಟಕ ತಂಡ, ಜೊತೆಗಿರುವುದು ಆರೋಗ್ಯದ ಹಕ್ಕಿಗಾಗಿ ದುಡಿಯುವ ಒಂದು ಮಹಿಳಾ ಸಂಘಟನೆ. ಕೊರೊನಾದಂಥದ್ದು ಮತ್ತೆ ಬಂದರೆ ನಿಮ್ಮಿಬ್ಬರ ಕೆಲಸಕ್ಕೆ ಯಾರ ಬಾಗಿಲು ತಟ್ಟಬೇಕು ಎಂದು ಕೇಳಿದ್ದೀರಿ. 2020–21ರಲ್ಲಿ ಇಂಥದೇ ತಂಡವೊಂದರ ಲೆಕ್ಕ ಬರೆದವನು ನಾನು. ನನಗೆ ನಟನೆ ಬರುವುದಿಲ್ಲ, ಹಾಗಾಗಿ ಲೆಕ್ಕದ ಪುಸ್ತಕ ನನ್ನ ತಲೆಗೆ ಬಿತ್ತು.

ಆ ಎರಡು ವರ್ಷ ಹಣವೇನೋ ಇತ್ತು. ಮಾಸ್ಕಿಗೆ ಇತ್ತು, ಕಿಟ್ಟಿಗೆ ಇತ್ತು, ಬ್ಯಾನರಿಗಂತೂ ಧಾರಾಳವಾಗಿತ್ತು. ತಮಟೆ ಬಡಿಯುವವನ ದಿನಗೂಲಿಗೆ ಮಾತ್ರ ಇರಲಿಲ್ಲ. ಇಪ್ಪತ್ತು ಪ್ರದರ್ಶನಗಳ ಅಂದಾಜು ಪಟ್ಟಿಯನ್ನು ನಾವು ಒಂದು ಕಂಪನಿಗೆ ಕಳಿಸಿದೆವು. ‘ಸಂಭಾವನೆ’ ಎಂಬ ಸಾಲಿಗೆ ಕೆಂಪು ಗೀಟು ಬಿದ್ದು ಅದು ವಾಪಸು ಬಂತು. ಪಕ್ಕದಲ್ಲಿ ‘ಸೇವಾ ಮನೋಭಾವದಿಂದ ಮಾಡಲಿ’ ಎಂಬ ಷರಾ. ಜಾತ್ರೆ ನಿಂತು, ಮದುವೆ ನಿಂತು, ಬೇಸಿಗೆಯ ಅಷ್ಟೂ ಸಂಪಾದನೆ ಕಳೆದುಕೊಂಡವನಿಗೆ ಸೇವೆಯ ಪಾಠ! ಅದೇ ಕಂಪನಿ ದಿನಸಿ ಕಿಟ್ ಹಂಚಲು ಬಂದಾಗ ನಮ್ಮ ತಮಟೆಯವರು ಚೀಲ ತೆಗೆದುಕೊಂಡರು, ಫೋಟೊಗೆ ನಿಲ್ಲಲಿಲ್ಲ. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಕೂಲಿಯೇ ಮೊದಲ ಸಾಲಾಗಿರಲಿ, ತಲೆಗಿಷ್ಟು, ದಿನಕ್ಕಿಷ್ಟು ಎಂದು ಬಿಡಿಸಿ ಬರೆಯಿರಿ. ಅದನ್ನು ಹೊಡೆದುಹಾಕುವವರ ಹತ್ತಿರ ಮುಂದಕ್ಕೆ ಮಾತು ಬೆಳೆಸಬೇಡಿ.

ಇನ್ನು ದಾರಿಗಳು. ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗೆಂದು ತೆಗೆದಿಡುವ ಸಿಎಸ್‌ಆರ್ ಹಣವನ್ನು ಆರೋಗ್ಯಕ್ಕೂ ಕೊಡಬಹುದು, ಕಲೆಗೂ ಕೊಡಬಹುದು; 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಎರಡೂ ಇವೆ. ಕೋವಿಡ್ ಕೆಲಸಕ್ಕೆ ಮಾಡುವ ಖರ್ಚೂ ಇದರಲ್ಲಿ ಸೇರುತ್ತದೆ ಎಂದು 2020ರ ಮಾರ್ಚಿನಲ್ಲೇ ಕೇಂದ್ರ ಸರ್ಕಾರ ಸುತ್ತೋಲೆ ಹೊರಡಿಸಿತ್ತು. ಆದರೆ ನೋಂದಣಿಯಿಲ್ಲದ ತಂಡದ ಕೈಗೆ ಈ ಹಣ ನೇರವಾಗಿ ಬರುವುದಿಲ್ಲ. ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ ಇರುವ ಟ್ರಸ್ಟ್ ಅಥವಾ ಸೊಸೈಟಿ ಬೇಕು, 2021ರ ಏಪ್ರಿಲ್‌ನಿಂದ ಅದು ಈ ಹಣ ಪಡೆಯಲು ಹೆಸರು ನೋಂದಾಯಿಸುವ ಸಿಎಸ್‌ಆರ್-1 ನಮೂನೆಯನ್ನೂ ತುಂಬಿರಬೇಕು. ನಿಮ್ಮ ಜೊತೆಗಿರುವ ಸಂಘಟನೆಗೆ ಇವೆಲ್ಲ ಇವೆಯೇ ಎಂದು ಇವತ್ತೇ ಕೇಳಿ. ರೋಗ ಬಂದ ಮೇಲೆ ಕಾಗದಪತ್ರಕ್ಕೆ ಓಡಾಡುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ವಿದೇಶಿ ನೆರವನ್ನು ನೆಚ್ಚಬೇಡಿ. ಮೊದಲೆಲ್ಲ ದೊಡ್ಡ ಸಂಸ್ಥೆ ಪಡೆದ ಹಣವನ್ನು, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರುವ ಸಣ್ಣ ಸಂಸ್ಥೆಗೆ ದಾಟಿಸಬಹುದಿತ್ತು. 2020ರ ಸೆಪ್ಟೆಂಬರ್‌ನಲ್ಲಿ, ಸೋಂಕು ಏರುತ್ತಿದ್ದ ಹೊತ್ತಿನಲ್ಲೇ, ತಿದ್ದುಪಡಿ ತಂದು ಅದನ್ನು ನಿಲ್ಲಿಸಿದರು. ಕೈಜೋಡಿಸಿ ಕೆಲಸ ಮಾಡುವವರಿಗೆ ಬಿದ್ದ ದೊಡ್ಡ ಪೆಟ್ಟು ಇದೇ ಎಂದು ನನ್ನ ಲೆಕ್ಕ.

ಸರ್ಕಾರದ ನೆರವು? 2021ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಕಲಾವಿದರಿಗೆ ಒಂದು ಬಾರಿಗೆ 3,000 ರೂಪಾಯಿ ಘೋಷಿಸಿತು. ಬಾಡಿಗೆ ಮನೆಯಲ್ಲಿರುವವರಿಗೆ ಅದು ಎಷ್ಟು ದಿನಕ್ಕೆ ಬಂದೀತು, ನೀವೇ ಹೇಳಿ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನವರು ವ್ಯಕ್ತಿಗಳಿಗೂ ಅನುದಾನ ಕೊಡುತ್ತಾರೆ, ಕನ್ನಡದಲ್ಲೇ ಪ್ರಸ್ತಾವನೆ ಬರೆಯಬಹುದು. ಅದು ನಿಧಾನವಾಗಿ ಮಾಗುವ ಕೆಲಸಕ್ಕೆ ಸರಿ, ನಾಳೆ ಬೆಳಿಗ್ಗೆ ಊರು ಸುತ್ತುವುದಕ್ಕಲ್ಲ.

ಹೋರಾಟಗಾರರು ಜೊತೆಗಿದ್ದಾಗ ಇನ್ನೊಂದು ತೊಡಕು ಬಂದೇ ಬರುತ್ತದೆ. 2020ರ ಜುಲೈಯಲ್ಲಿ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಿದ್ದರು. ನಮ್ಮ ನಾಟಕದ ಹಾಡಿನಲ್ಲಿ ಆ ಬೇಡಿಕೆ ಒಂದು ಸಾಲಾಗಿ ಬಂದಿತ್ತು. ಕೈ ತೊಳೆಯುವ ಹಾಡಿಗೆ ದುಡ್ಡು ಕೊಡುತ್ತೇವೆ, ಆ ಸಾಲಿಗೆ ಕೊಡುವುದಿಲ್ಲ ಎಂದರು ಪ್ರಾಯೋಜಕರು. ತಂಡದಲ್ಲಿ ರಾತ್ರಿಯೆಲ್ಲ ಜಗಳ. ಕೊನೆಗೆ ಎರಡು ಜೋಳಿಗೆ ಮಾಡಿದೆವು: ಪ್ರಾಯೋಜಕರ ಹಣದಲ್ಲಿ ಅವರು ಒಪ್ಪಿದ ಆಟ, ಸ್ನೇಹಿತರಿಂದ ನೂರು, ಇನ್ನೂರು ಎತ್ತಿದ್ದರಲ್ಲಿ ನಮ್ಮ ಆಟ. ಎರಡನೆಯದು ಏಳೇ ಕಡೆ ನಡೆಯಿತು. ಸಾಲು ಉಳಿಯಿತು. ನೀವು ಈ ಜಗಳವನ್ನು ಹಣ ಕೇಳುವ ಮೊದಲೇ ಆಡಿ ಮುಗಿಸಿಕೊಳ್ಳಿ.

ರಸೀದಿಯ ವಿಷಯ ಮರೆತಿದ್ದೆ. ಆಟಕ್ಕೆ ಮುಂಚೆ ತಮಟೆಯನ್ನು ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಬೇಕು, ಇಲ್ಲವಾದರೆ ನಾದ ಏಳುವುದಿಲ್ಲ. ಆ ಹುಲ್ಲಿಗೆ ಬಿಲ್ ಎಲ್ಲಿ ಎಂದು ಆಡಿಟರು ಕೇಳಿದರು. ಹುಲ್ಲು ಕೊಟ್ಟ ಅಜ್ಜಿಯ ಹೆಬ್ಬೆಟ್ಟು ಒತ್ತಿಸಿದ 40 ರೂಪಾಯಿಯ ವೋಚರು ಈಗಲೂ ನನ್ನ ಕಡತದಲ್ಲಿದೆ. ಅಂಥ ಒಂದು ವೋಚರ್ ಪುಸ್ತಕ ನಿಮ್ಮ ಚೀಲದಲ್ಲಿಯೂ ಇರಲಿ.