ವಿಜ್ಞಾನ ಪ್ರಶ್ನೋತ್ತರ: ಬೀಳುತ್ತಲೇ ತೇಲುವ ನಿಲ್ದಾಣ

ಪ್ರಶ್ನೆ: ಬಾಹ್ಯಾಕಾಶದಲ್ಲಿ ಗುರುತ್ವವೇ ಇಲ್ಲದಿದ್ದರೆ ಅಲ್ಲಿನ ನಿಲ್ದಾಣವು ಭೂಮಿಯನ್ನು ಬಿಟ್ಟು ದೂರ ಹೋಗದೆ ಅದನ್ನೇ ಸುತ್ತುತ್ತಿರುವುದು ಹೇಗೆ?
– ಪ್ರೌಢಶಾಲಾ ವಿದ್ಯಾರ್ಥಿನಿ

ಉತ್ತರ: ನಿಮ್ಮ ಸಂಶಯ ಸರಿಯಾಗಿಯೇ ಇದೆ, ಅಲ್ಲಿ ಗುರುತ್ವ ಇದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ನೆಲದಿಂದ ಸುಮಾರು 400 ಕಿ.ಮೀ. ಎತ್ತರದಲ್ಲಿ. ಭೂಮಿಯ ತ್ರಿಜ್ಯವೇ ಸುಮಾರು 6,371 ಕಿ.ಮೀ. ಇರುವುದರಿಂದ ಇದು ದೊಡ್ಡ ದೂರವಲ್ಲ, ಅಲ್ಲಿಯೂ ಗುರುತ್ವವು ನೆಲದ ಮೇಲಿರುವುದರ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಉಳಿದಿರುತ್ತದೆ. ನಿಲ್ದಾಣವು ಒಂದು ಸೆಕೆಂಡಿನಲ್ಲಿ ಸುಮಾರು 7.7 ಕಿ.ಮೀ. ಅಡ್ಡಲಾಗಿ ಸಾಗುತ್ತದೆ, ಅಷ್ಟರಲ್ಲೇ ನಾಲ್ಕು ಮೀಟರಿಗಿಂತ ತುಸು ಹೆಚ್ಚು ಕೆಳಕ್ಕೂ ಬೀಳುತ್ತದೆ. ಆದರೆ ಭೂಮಿ ದುಂಡಗಿರುವುದರಿಂದ ನೆಲವೂ ಅಷ್ಟೇ ಬಾಗಿ ಕೆಳಗೆ ಸರಿದಿರುತ್ತದೆ, ಹೀಗಾಗಿ ಅದು ನೆಲವನ್ನು ಮುಟ್ಟದೆ ಸುತ್ತುತ್ತಲೇ ಇರುತ್ತದೆ. ಒಳಗಿರುವ ಮನುಷ್ಯರು, ಪೆನ್ನು, ನೀರಿನ ಹನಿ ಎಲ್ಲವೂ ನಿಲ್ದಾಣದೊಂದಿಗೆ ಒಂದೇ ಸಮನೆ ಬೀಳುತ್ತಿರುವುದರಿಂದ ಯಾವುದೂ ಇನ್ನೊಂದನ್ನು ಒತ್ತುವುದಿಲ್ಲ, ಎಲ್ಲವೂ ತೇಲುವಂತೆ ಕಾಣುತ್ತವೆ. ‘ಶೂನ್ಯ ಗುರುತ್ವ’ ಎಂಬ ರೂಢಿಯ ಮಾತು ದಾರಿ ತಪ್ಪಿಸುತ್ತದೆ. ‘ತೂಕರಹಿತ ಸ್ಥಿತಿ’ ಎನ್ನುವುದೇ ಸರಿಯೆಂದು ನನ್ನ ಅಭಿಪ್ರಾಯ.

ಪ್ರಶ್ನೆ: ಮೇಲೇರುವಾಗ ಉರಿಯದ ನೌಕೆ ಮರಳುವಾಗ ಬೆಂಕಿಯುಂಡೆಯಂತೆ ಕಾಣುವುದೇಕೆ? ಅದರ ಮೂತಿಯನ್ನು ಚೂಪಾಗಿಸಬಾರದೇ?
– ನಿವೃತ್ತ ಶಿಕ್ಷಕರು

ಉತ್ತರ: ಮೇಲೇರುವ ರಾಕೆಟ್ ದಟ್ಟ ಗಾಳಿಯನ್ನು ದಾಟುವಾಗ ಅದರ ವೇಗ ಇನ್ನೂ ಕಡಿಮೆಯಿರುತ್ತದೆ, ಪೂರ್ಣ ವೇಗ ಬರುವುದು ಗಾಳಿ ಬಹುಮಟ್ಟಿಗೆ ಮುಗಿದ ಮೇಲೆ. ಮರಳುವ ನೌಕೆ ಆ ವೇಗವನ್ನೆಲ್ಲ ಕಳೆದುಕೊಳ್ಳಬೇಕು. ಇಂಧನ ಉರಿಸಿಯೇ ಕಳೆಯುವುದಾದರೆ ಅದನ್ನು ಹೊತ್ತೊಯ್ಯುವುದೇ ದೊಡ್ಡ ಭಾರವಾಗುತ್ತದೆ, ಆದ್ದರಿಂದ ಗಾಳಿಯನ್ನೇ ಬ್ರೇಕಿನಂತೆ ಬಳಸುತ್ತಾರೆ. ಬಿಸಿ ಹುಟ್ಟುವುದು ಗಾಳಿ ಉಜ್ಜುವುದರಿಂದ ಎಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಅದರ ಬಹುಪಾಲು ಬರುವುದು ನೌಕೆಯ ಮುಂದಿನ ಗಾಳಿ ಥಟ್ಟನೆ ಅದುಮಿಹೋಗುವುದರಿಂದ. ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪಿನ ತುದಿ ಬಿಸಿಯಾಗುವುದೂ ಹೀಗೆಯೇ.

ಮೂತಿ ಚೂಪಾಗಿದ್ದರೆ ಈ ಕಾದ ಗಾಳಿ ಲೋಹಕ್ಕೆ ತೀರ ಹತ್ತಿರದಲ್ಲೇ ಹರಿಯುತ್ತದೆ. ಮೊಂಡಾಗಿದ್ದರೆ ಅದರ ಮುಂದೆ ಏಳುವ ಆಘಾತ ತರಂಗವು (ಥಟ್ಟನೆ ಅದುಮಿದ ಗಾಳಿಯ ಅಲೆ) ಮೈಯಿಂದ ಅಂತರದಲ್ಲಿ ನಿಲ್ಲುವುದರಿಂದ, ಶಾಖದ ಹೆಚ್ಚಿನ ಪಾಲು ಗಾಳಿಯಲ್ಲೇ ಉಳಿದು ಪಕ್ಕಕ್ಕೆ ಸರಿದುಹೋಗುತ್ತದೆ. 1950ರ ದಶಕದ ಆರಂಭದಲ್ಲಿ ಅಮೆರಿಕದ ಎಚ್. ಜೂಲಿಯನ್ ಅಲೆನ್ ಇದನ್ನು ಕಂಡುಕೊಂಡರು. ಆದರೂ ಉಳಿದ ಶಾಖ ಸಾಮಾನ್ಯವಾದುದಲ್ಲ. ಚಂದ್ರನಿಂದ ಸೆಕೆಂಡಿಗೆ ಸುಮಾರು 11 ಕಿ.ಮೀ. ವೇಗದಲ್ಲಿ ಮರಳುತ್ತಿದ್ದ ಅಪೊಲೊ ನೌಕೆಗಳಿಗೆ ಜೇನುಗೂಡಿನಂಥ ಕವಚವಿತ್ತು; ಅದರ ಲಕ್ಷಗಟ್ಟಲೆ ಕೋಶಗಳಲ್ಲಿ ಒಂದೊಂದಕ್ಕೂ ಕೆಲಸಗಾರರು ಕೈಯಿಂದಲೇ ರಾಳದ ಮಿಶ್ರಣವನ್ನು ತುಂಬಿದ್ದರು. ಆ ಮಿಶ್ರಣ ಸುಟ್ಟು ಕರಕಾಗಿ ಕಳಚಿಹೋಗುತ್ತಾ ಶಾಖವನ್ನೂ ತನ್ನೊಂದಿಗೆ ಒಯ್ಯುತ್ತಿತ್ತು. ಕವಚದ ಒಂದು ತೂತು ಏನು ಮಾಡಬಲ್ಲದೆಂಬುದನ್ನು 2003ರ ಫೆಬ್ರುವರಿ 1ರಂದು ಕಂಡೆವು: ಉಡಾವಣೆಯ ಹೊತ್ತಿನಲ್ಲಿ ಇಂಧನ ಟ್ಯಾಂಕಿನ ಹೊದಿಕೆಯಿಂದ ಕಳಚಿಬಂದ ಫೋಮ್ ತುಂಡು ಅಮೆರಿಕದ ಕೊಲಂಬಿಯಾ ನೌಕೆಯ ಎಡರೆಕ್ಕೆಯ ಅಂಚನ್ನು ಒಡೆದಿತ್ತು, ಮರಳುವಾಗ ಅಲ್ಲಿಂದಲೇ ಬಿಸಿ ಅನಿಲ ನುಗ್ಗಿತು, ಕಲ್ಪನಾ ಚಾವ್ಲಾ ಸೇರಿ ಏಳೂ ಜನರನ್ನು ಕಳೆದುಕೊಂಡೆವು.

ಪ್ರಶ್ನೆ: ಗಗನಯಾತ್ರಿಗಳು ಮಲಗುವ ಜಾಗದಲ್ಲಿ ಗಾಳಿಯಾಡುವಂತೆ ಏಕೆ ನೋಡಿಕೊಳ್ಳುತ್ತಾರೆ?
– ಓದುಗರೊಬ್ಬರು

ಉತ್ತರ: ತೂಕರಹಿತ ಸ್ಥಿತಿಯಲ್ಲಿ ಬಿಸಿ ಗಾಳಿ ಮೇಲೇರುವುದಿಲ್ಲ. ಹೀಗಾಗಿ ನಿದ್ದೆಯಲ್ಲಿ ಹೊರಬಿಟ್ಟ ಉಸಿರು ಮುಖದ ಸುತ್ತಲೇ ನಿಂತು, ಅಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಿ ತಲೆನೋವು ಬರಬಹುದು. ಫ್ಯಾನುಗಳು ಅದನ್ನು ಚದುರಿಸುತ್ತವೆ. ಅದೇ ಕಾರಣಕ್ಕೆ ಅಲ್ಲಿ ಹಚ್ಚಿದ ಮೇಣದಬತ್ತಿಯ ಜ್ವಾಲೆ ಮೇಲಕ್ಕೆ ಚಾಚದೆ, ನೀಲಿಯ ಪುಟ್ಟ ಗುಂಡಾಗಿ ಬತ್ತಿಯನ್ನು ಸುತ್ತಿಕೊಂಡಿರುತ್ತದೆ.