ಗುಳಿಯೊಂದಕ್ಕೆ ಒಂದು ಕೋಶ ಹಾಕಿದರೆ ಸಾಕಾ?

ನಮಸ್ಕಾರ. ಲ್ಯಾಬಿನಲ್ಲಿ ಕೋಶ ಬೆಳೆಸಲು, ಗುಳಿಯೊಂದಕ್ಕೆ ಒಂದು ಕೋಶದ ಲೆಕ್ಕದಲ್ಲಿ 96 ಗುಳಿಯ (ಪುಟ್ಟ ಕುಳಿಗಳ) ಪ್ಲೇಟ್ ಹಾಕಿದೆ, 60 ಗುಳಿಗಳಲ್ಲಿ ಬೆಳೆದಿದೆ, ಎಲ್ಲವೂ ಕ್ಲೋನಾ, ಅಂದರೆ ಒಂದೇ ಕೋಶದಿಂದ ಬೆಳೆದ ಗುಂಪುಗಳಾ ಅಂತ ಕೇಳಿದ್ದೀರಿ. ಅಲ್ಲ. ಒಂದು ಎನ್ನುವುದು ಸರಾಸರಿ ಮಾತ್ರ. ಪಾಯ್ಸನ್ ಲೆಕ್ಕದಲ್ಲಿ (ಸರಾಸರಿ ಗೊತ್ತಿದ್ದರೆ ಎಷ್ಟು ಗುಳಿಯಲ್ಲಿ ಎಷ್ಟು ಕೋಶ ಬಿದ್ದೀತು ಅಂತ ಹೇಳುವ ಸಂಭವನೀಯತೆಯ ಸೂತ್ರ) ಸುಮಾರು 37% ಗುಳಿ ಖಾಲಿ, 37% ಒಂಟಿ, 26%ರಲ್ಲಿ ಎರಡೋ ಜಾಸ್ತಿಯೋ. ನಿಮ್ಮ 60ರಲ್ಲಿ 25ರಷ್ಟು ಮಿಶ್ರಣವೇ ಇರಬಹುದು. ನಮ್ಮ ಕಾಸರಗೋಡಿನ ತೋಟದವರಿಗೆ ಗೊತ್ತು, ಒಂದೇ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಎರಡು ಅಡಿಕೆ ಮೊಳೆತರೆ ಆಮೇಲೆ ಬೇರು ಬಿಡಿಸುವುದು ಎಷ್ಟು ಕಷ್ಟ ಅಂತ!

ಮುಂದಿನ ಸಲ ಗುಳಿಯೊಂದಕ್ಕೆ ಸರಾಸರಿ 0.3 ಕೋಶ ಇಡಿ. ಆಗ ಬೆಳೆದವುಗಳಲ್ಲಿ ಸುಮಾರು 86% ಒಂಟಿ ಕೋಶದಿಂದ ಬಂದಿರುತ್ತವೆ. ಆದರೆ ಹಾಕುವಾಗ ಕೋಶಗಳು ಅಂಟಿಕೊಂಡಿದ್ದರೆ ಈ ಲೆಕ್ಕವೇ ಸುಳ್ಳಾಗುತ್ತದೆ. ಹಾಕಿದ ದಿನವೇ, ಕೋಶ ತಳಕ್ಕೆ ಕೂತ ಮೇಲೆ, ಒಂದೊಂದು ಗುಳಿಯನ್ನೂ ಅಂಚಿನವರೆಗೆ ನೋಡಿ ಫೋಟೋ ತೆಗೆಯಿರಿ. ಅಂಚಿನ ನೆರಳಲ್ಲೇ ಎರಡನೇ ಕೋಶ ಅಡಗಿರುತ್ತದೆ. ವಾರದ ನಂತರ ಒಂದೇ ಗುಂಡನೆಯ ಗುಂಪು ಕಂಡರೆ ಒಳ್ಳೆಯದು, ಆದರೆ ಅದೊಂದೇ ಸಾಕ್ಷಿ ಅಲ್ಲ.

ಮೊದಲೇ ಕೋಶ ಬೆಳೆಸಿದ ಹಳೆಯ ಮೀಡಿಯಂ (ಪೋಷಕ ದ್ರಾವಣ) ಬೆರೆಸುತ್ತೀರಾದರೆ 0.22 ಮೈಕ್ರಾನ್ ಫಿಲ್ಟರ್ ಹಾಯಿಸಿಯೇ ಬಳಸಿ. ಇಲ್ಲದಿದ್ದರೆ ಅದರಲ್ಲೇ ಕೋಶ ಬರುತ್ತವೆ. ಅನುಮಾನ ಇದ್ದ ಕ್ಲೋನನ್ನು ಇನ್ನೊಮ್ಮೆ ಒಂಟಿಯಾಗಿಸಿ. ಮತ್ತೆ, ಮಳೆಗಾಲದ ಕರೆಂಟು ನಂಬಬೇಡಿ, ಪ್ರತಿ ಕ್ಲೋನಿನ ಎರಡು ವಯಲ್ (ಪುಟ್ಟ ಸೀಸೆ) ಬೇಗ ಫ್ರೀಜ್ ಮಾಡಿಡಿ.